ರೋಗಾಣು ಸತ್ತರಷ್ಟೇ ಸಾಕೇ?

ಕೆಜಿಎಫ್‌ನವರಿಗೆ ಸೈನೈಡ್ ದಿಬ್ಬಗಳ ಪರಿಚಯ ಮಾಡಿಕೊಡಬೇಕಿಲ್ಲ. ಅದಿರಿನಿಂದ ಚಿನ್ನ ಬೇರ್ಪಡಿಸುವ ಕೆಲಸವನ್ನು ಸೈನೈಡ್ ಚೆನ್ನಾಗಿಯೇ ಮಾಡಿತು. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಗಾಳಿ ಬೀಸಿದರೆ ಅವುಗಳ ದೂಳು ಇಂದಿಗೂ ಮನೆಯೊಳಗೆ ಬರುತ್ತದೆ. ರಾಸಾಯನಿಕವೊಂದು ಹೇಳಿದ ಕೆಲಸ ಮಾಡುತ್ತದೆಯೇ ಎಂಬುದರ ಜೊತೆಗೆ, ಮತ್ತೇನು ಮಾಡುತ್ತದೆ ಎಂದೂ ಕೇಳಬೇಕೆಂಬುದು ನಮ್ಮೂರು ಕಲಿಸಿದ ಪಾಠ. ರಸಾಯನ ವಿಜ್ಞಾನ ಓದಿ ಕೆಲಸ ಹುಡುಕುತ್ತಿರುವ ನಾನು ಅದೇ ಪ್ರಶ್ನೆಯನ್ನು ಆಸ್ಪತ್ರೆಯ ಪ್ಲಾಸ್ಟಿಕ್ ಬಗ್ಗೆಯೂ ಕೇಳುತ್ತೇನೆ.

ರೋಗಿಯ ದೇಹದೊಳಗೆ ಇಟ್ಟ ಕ್ಯಾಥೆಟರ್ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ಆ್ಯಂಟಿಬಯೊಟಿಕ್‌ಗಳಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ. ಇದಕ್ಕೆ ಪರಿಹಾರವಾಗಿ ಬಂದದ್ದು ರೋಗಾಣುನಾಶಕ ಪಾಲಿಮರ್‌ಗಳು. ಇವುಗಳಲ್ಲಿ ಹಲವು ಧನಾವೇಶ ಹೊಂದಿದ್ದು, ಋಣಾವೇಶವಿರುವ ಬ್ಯಾಕ್ಟೀರಿಯಾದ ಪೊರೆಗೆ ಅಂಟಿಕೊಂಡು ಅದನ್ನು ಒಡೆಯುತ್ತವೆ. ಆದರೆ ನಮ್ಮ ಜೀವಕೋಶಗಳಿಗೂ ಪೊರೆ ಇದೆ. ಪಾಲಿಮರ್‌ನ ರಚನೆಯಲ್ಲಿ ಸಮತೋಲನ ತಪ್ಪಿದರೆ ಕೆಂಪು ರಕ್ತಕಣಗಳೂ ಒಡೆಯುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ಇಂಥ ಪಾಲಿಮರ್‌ಗಳ ಬಗ್ಗೆ ಸಂಶೋಧನೆ ನಡೆಸುತ್ತಿದೆ. ರೋಗಾಣುವನ್ನು ಕೊಂದು ಮನುಷ್ಯನ ಜೀವಕೋಶವನ್ನು ಉಳಿಸುವುದೇ ಈ ಕ್ಷೇತ್ರದ ನಿಜವಾದ ಸವಾಲು.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಸೋಂಕು ತಡೆಯಲೆಂದು ಕೃತಕ ಹೃದಯ ಕವಾಟದ ಪಾಲಿಯೆಸ್ಟರ್ ಅಂಚಿಗೆ ಬೆಳ್ಳಿ ಲೇಪಿಸಿದ ‘ಸಿಲ್‌ಜೋನ್’ ಕವಾಟಗಳನ್ನು 2000ರಲ್ಲಿ ಹಿಂಪಡೆಯಬೇಕಾಯಿತು. ಕವಾಟದ ಸುತ್ತ ರಕ್ತ ಸೋರುವ ಪ್ರಕರಣಗಳು ಹೆಚ್ಚಾಗಿದ್ದವು. ಕ್ಲೋರ್‌ಹೆಕ್ಸಿಡೀನ್ ಲೇಪಿಸಿದ ಕ್ಯಾಥೆಟರ್‌ಗಳಿಂದ ಕೆಲವರಿಗೆ ಪ್ರಾಣಾಪಾಯ ತರುವಂಥ ಅಲರ್ಜಿಯಾದ ಬಗ್ಗೆ ಅಮೆರಿಕದ ಎಫ್‌ಡಿಎ 1998ರಲ್ಲೇ ಎಚ್ಚರಿಸಿತ್ತು.

ಹಾಗೆಂದು ಈ ವಸ್ತುಗಳೇ ಬೇಡ ಎನ್ನುವುದು ಸರಿಯಲ್ಲ. ಆಸ್ಪತ್ರೆಯಲ್ಲಿ ತಗಲುವ ಸೋಂಕೂ ಜೀವ ತೆಗೆಯುತ್ತದೆ. ಬೇಕಿರುವುದು ಕಟ್ಟುನಿಟ್ಟಿನ ಪರೀಕ್ಷೆ ಮತ್ತು ಬಳಕೆಯ ನಂತರದ ನಿಗಾ. ಉಪಕರಣಗಳಿಂದಾಗುವ ತೊಂದರೆಗಳನ್ನು ದಾಖಲಿಸಲು ನಮ್ಮ ದೇಶದಲ್ಲಿ 2015ರಲ್ಲೇ ‘ಮೆಟೀರಿಯೊವಿಜಿಲೆನ್ಸ್’ ಕಾರ್ಯಕ್ರಮ ಆರಂಭವಾಗಿದೆ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಆದರೆ ವರದಿ ಮಾಡುವವರಿಲ್ಲದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ಬಂಗಾರಪೇಟೆಯಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗುವ ನಮ್ಮಂಥ ಯುವಜನರಲ್ಲಿ ರಸಾಯನ ವಿಜ್ಞಾನ, ಸೂಕ್ಷ್ಮಜೀವ ವಿಜ್ಞಾನ, ನರ್ಸಿಂಗ್ ಓದಿದವರು ಅನೇಕರಿದ್ದಾರೆ. ಸುರಕ್ಷತಾ ಪರೀಕ್ಷೆ, ಗುಣಮಟ್ಟ ನಿಯಂತ್ರಣ ನಾವು ಮಾಡಬಲ್ಲ ಕೆಲಸಗಳೇ. ವೈದ್ಯಕೀಯ ಉಪಕರಣಗಳ ಜೈವಿಕ ಸುರಕ್ಷತೆಗೆ ಸಂಬಂಧಿಸಿದ ಐಎಸ್‌ಒ 10993 ಮಾನದಂಡವನ್ನು ಪದವಿ ತರಗತಿಯಲ್ಲೇ ಪರಿಚಯಿಸಿದರೆ ಉದ್ಯೋಗಕ್ಕೂ ದಾರಿಯಾದೀತು, ರೋಗಿಗೂ ರಕ್ಷಣೆ ಸಿಕ್ಕೀತು.