ಮೋಸ ಹೋದವರನ್ನು ನೋಡಿ ನಗುವುದು ನಿಲ್ಲಲಿ

“ಡಿಗ್ರಿ ಓದಿದವನೇ ಬ್ಯಾಂಕಿನ ಹೆಸರಲ್ಲಿ ಬಂದ ಕಳ್ಳ ಇಮೇಲ್ ನಂಬಿದನಂತೆ!” ಪೂಜೆ ಮುಗಿಸಿ ಚರ್ಚ್ ಅಂಗಳದಲ್ಲಿ ನಿಂತು ನಾವು ಹೀಗೆ ನಗುತ್ತೇವೆ. ಈ ನಗುವಿಗೆ ಹೆದರಿಯೇ ದುಡ್ಡು ಕಳೆದುಕೊಂಡವರು ಬಾಯಿ ಮುಚ್ಚಿ ಕೂರುತ್ತಾರೆ. ಲಾಭ ಕಳ್ಳನಿಗೆ.

ಜೆರಿಕೋ ದಾರಿಯಲ್ಲಿ ಬಿದ್ದವನನ್ನು ಸಮಾರಿಯದವನು “ಒಬ್ಬನೇ ಯಾಕೆ ಬಂದೆ?” ಎಂದು ಕೇಳಲಿಲ್ಲ, ಗಾಯ ಕಟ್ಟಿದ.

ಇಲ್ಲಿ ಗಾಯ ಕಟ್ಟುವುದೆಂದರೆ ಕೂಡಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿಸುವುದು. ಬೇಗ ದೂರು ಕೊಟ್ಟರೆ ಹಣವನ್ನು ಕಳ್ಳನ ಖಾತೆಯಲ್ಲೇ ತಡೆಯಬಹುದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಸ್ಪಷ್ಟವಾಗಿ ಹೇಳಿತ್ತು: ಪಾಸ್‌ವರ್ಡ್ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದು. ಹಾಗಾದರೆ ನಾಚಿಕೆಯಿಂದ ಕಳೆದ ಒಂದೊಂದು ಗಂಟೆಗೂ ಬೆಲೆ ತೆರುವವರು ಯಾರು?

“ಜಾಗ್ರತೆ ಅವರೇ ಮಾಡಬೇಕಿತ್ತು” ಎನ್ನುವವರಿದ್ದಾರೆ. ಸರಿ, ಆದರೆ ಕಲಿಸಿದವರು ಯಾರು? “ಇಂದೇ ಕೆವೈಸಿ ಮಾಡದಿದ್ದರೆ ಖಾತೆ ಬಂದ್” ಎಂಬ ಬೆದರಿಕೆ ಬಂದರೆ ಲಿಂಕ್ ಒತ್ತಬಾರದು, ಕಳಿಸಿದವರ ಪೂರ್ತಿ ವಿಳಾಸ ನೋಡಬೇಕು, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಇಷ್ಟನ್ನು ಮನೆಯ ಹಿರಿಯರಿಗೆ ಹೇಳಿಕೊಡಲು ನಮಗೆ ಹತ್ತು ನಿಮಿಷ ಸಾಕು.

ಯುವಜನರೇ, ನಗುವ ಬಾಯಿಂದಲೇ ಕೇಳೋಣ: “ದೂರು ಕೊಟ್ಟಿರಾ? ಬನ್ನಿ, ಜೊತೆಗೆ ಬರುತ್ತೇವೆ.”