ದವಡೆಗೆ ಕಾಲಿನ ಎಲುಬು: ಅಂಜಿಕೆ ಬೇಡ, ಅಲಕ್ಷ್ಯವೂ ಬೇಡ

ಎಲೆಯಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ ಜಗಿಯುವ ಚಟ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ಇದರಿಂದ ಬಾಯಿಯ ಕ್ಯಾನ್ಸರಿಗೆ ತುತ್ತಾದ ಹಲವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ವಿಕಿರಣ ಚಿಕಿತ್ಸೆ ಪಡೆದು ಗುಣಮುಖರಾಗುತ್ತಿರುವುದು ಸಂತೋಷದ ಸಂಗತಿ. ಆದರೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ತರುವಾಯ ಕೆಲವರ ಕೆಳದವಡೆಯಲ್ಲಿ ನೋವು, ಕೀವು ಕಾಣಿಸಿಕೊಂಡು ಎಲುಬೇ ಹೊರಗೆ ಇಣುಕುವುದುಂಟು. ಇದನ್ನು ಹಣೆಬರಹವೆಂದೋ, ಕ್ಯಾನ್ಸರ್ ಮರುಕಳಿಸಿತೆಂದೋ ತಾವೇ ತೀರ್ಮಾನಿಸಿ ಮನೆಯಲ್ಲಿ ಕೂರುವುದು ತರವಲ್ಲವೆಂಬುದು ನಮ್ಮ ಅಭಿಪ್ರಾಯ.

ವಿಕಿರಣವು ರೋಗದ ಕೋಶಗಳೊಡನೆ ಎಲುಬಿಗೆ ರಕ್ತವೊಯ್ಯುವ ಸೂಕ್ಷ್ಮ ನಾಳಗಳನ್ನೂ ಹಾಳುಗೆಡವುತ್ತದೆ. ನೀರು ಕಾಣದ ಗಿಡದಂತೆ ಎಲುಬು ಸೊರಗುತ್ತದೆ. ಅಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಉಳಿಯಬಹುದು. ಆರಂಭದಲ್ಲಿ ಔಷಧಿ, ಶುಚಿಗೊಳಿಸುವಿಕೆ ಸಾಕಾಗುವುದುಂಟು. ದವಡೆ ಮುರಿದರೆ ಅಥವಾ ಕೆನ್ನೆಗೆ ರಂಧ್ರ ಬಿದ್ದರೆ ಸತ್ತ ಎಲುಬನ್ನು ತೆಗೆದು, ಮೊಣಕಾಲಿನ ಕೆಳಗಿನ ತೆಳು ಎಲುಬನ್ನು ಅದರ ರಕ್ತನಾಳ, ಚರ್ಮಗಳ ಸಮೇತ ತಂದು ಕೂಡಿಸುತ್ತಾರೆ. 2–3 ಮಿಲಿಮೀಟರ್ ಅಗಲದ ನಾಳಗಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಕತ್ತಿನ ನಾಳಗಳಿಗೆ ಹೊಲಿಯುವ ಈ ಶಸ್ತ್ರಚಿಕಿತ್ಸೆಗೆ 8–10 ತಾಸು ಹಿಡಿಯಬಹುದು. ಹೊಸ ಭಾಗಕ್ಕೆ ರಕ್ತ ಹರಿಯುತ್ತಿದೆಯೇ ಎಂದು ಮೊದಲ ಕೆಲವು ದಿನ ಹಗಲಿರುಳು ಕಾಯುತ್ತಾರೆ.

“ಕಾಲಿನ ಎಲುಬು ತೆಗೆದರೆ ಹಿಪ್ಪುನೇರಳೆ ತೋಟಕ್ಕೆ ಹೋಗುವುದೆಂತು?” ಎಂಬ ಅಂಜಿಕೆ ಸಹಜ. ದೇಹದ ಭಾರದ ಬಹುಪಾಲನ್ನು ಹೊರುವುದು ಪಕ್ಕದ ದಪ್ಪ ಎಲುಬು. ತೆಳು ಎಲುಬಿನಲ್ಲೂ ಮೊಣಕಾಲು, ಹಿಮ್ಮಡಿಗಂಟುಗಳ ಬಳಿಯ ತುದಿಗಳನ್ನು ಉಳಿಸಿಯೇ ನಡುಭಾಗವನ್ನು ತೆಗೆಯುತ್ತಾರೆ. ವ್ಯಾಯಾಮದ ಬಳಿಕ ಹೆಚ್ಚಿನವರು ಮೊದಲಿನಂತೆ ನಡೆಯುತ್ತಾರೆ. ಈ ಶಸ್ತ್ರಚಿಕಿತ್ಸೆ ಎಲ್ಲರಿಗೂ ಒಗ್ಗದು, ತೊಡಕುಗಳೂ ಉಂಟು. ಆದರೂ ದಾಸೋಹದ ಪಂಕ್ತಿಯಲ್ಲಿ ಕುಳಿತು ಒಂದು ತುತ್ತು ಪ್ರಸಾದ ಸೇವಿಸಲಾಗದೆ ಹಿಂದೆ ಸರಿಯುವ ಬಂಧುವಿಗೆ ಅದು ಬದುಕನ್ನು ಮರಳಿಸಬಲ್ಲದು.

ಅದಕ್ಕಿಂತ ಮಿಗಿಲಾದುದು ಮುನ್ನೆಚ್ಚರಿಕೆ. ಜನರು ‘ಕರೆಂಟು ಕೊಡಿಸುವುದು’ ಎನ್ನುವ ವಿಕಿರಣಕ್ಕೆ ಮುನ್ನ ದಂತವೈದ್ಯರನ್ನು ಕಾಣಬೇಕು. ಕೆಟ್ಟ ಹಲ್ಲುಗಳನ್ನು ಆಗಲೇ ಕೀಳಿಸಿ, ಗಾಯ ಮಾಯಲು 2–3 ವಾರ ಬಿಡುವುದು ಲೇಸು. ಚಿಕಿತ್ಸೆ ಪಡೆದವರು ಎಷ್ಟೇ ವರ್ಷ ಕಳೆದಿದ್ದರೂ ಆ ವಿಷಯ ತಿಳಿಸದೆ ಹಲ್ಲು ಕೀಳಿಸಬಾರದು. ಹೊಗೆಸೊಪ್ಪನ್ನಂತೂ ಮತ್ತೆ ಮುಟ್ಟಲೇಬಾರದು. ಜಾತ್ರೆಗಳಲ್ಲಿ ಆರೋಗ್ಯ ಶಿಬಿರ ಏರ್ಪಡಿಸುವ ಸದ್ಭಕ್ತರು ಕಣ್ಣು, ಸಕ್ಕರೆ ಕಾಯಿಲೆಗಳ ಪರೀಕ್ಷೆಯೊಡನೆ ಬಾಯಿಯ ತಪಾಸಣೆಗೂ ಒಬ್ಬ ದಂತವೈದ್ಯರನ್ನು ಕರೆಸಲಿ ಎಂಬುದು ನಮ್ಮ ವಿನಂತಿ.