ಕೋಲಾರದ ಚಿನ್ನ: ಮೊದಲ ಹಕ್ಕು ಯಾರದು?

ಕೆಜಿಎಫ್ ಅಂದರೆ ಈಗ ಮುಂಬೈ ಹುಡುಗರಿಗೂ ಗೊತ್ತು. 2018ರ ಸಿನಿಮಾದ ಪುಣ್ಯ! "ಸರ್, ಅದು ನಿಮ್ಮ ಕಡೆಯದಲ್ವಾ?" ಅಂತ ಮರಾಠಿ ಸಹೋದ್ಯೋಗಿಗಳು ಕೇಳುತ್ತಾರೆ. ಹೌದು, ನಮ್ಮ ಕಡೆಯದೇ. ಆದರೆ ಅಸಲಿ ಕೆಜಿಎಫ್‌ನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅನ್ನೋದು ನನ್ನ ತಕರಾರು.

ಕೋಲಾರದ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುವುದನ್ನು 1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕಂಡಿದ್ದ. ಅವನ ಬರಹವನ್ನು ಎಷ್ಟೋ ವರ್ಷಗಳ ನಂತರ ಓದಿದವನು ಮೈಕೆಲ್ ಲ್ಯಾವೆಲ್. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಸೈನಿಕ. ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರಕ್ಕೆ ಹೋದ, 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ಗುತ್ತಿಗೆ ಪಡೆದ. ಬಂಡವಾಳ ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಯ ನಸೀಬು ಖುಲಾಯಿಸಿತು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ!

ಅದೇ ಹೊತ್ತಿಗೆ ವಯನಾಡಿನ ಚಿನ್ನ ಅಂತ ಹೇಳಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಷೇರು ಮಾರಿದವು. ಕೆಲವೇ ವರ್ಷಗಳಲ್ಲಿ ಬಹುಪಾಲು ಮುಳುಗಿದವು. ಹಾಗಾಗಿ, ಅಪಾಯ ಮೈಮೇಲೆ ಎಳೆದುಕೊಂಡವನಿಗೆ ಲಾಭ ಸಿಗಬೇಕು ಅನ್ನುವ ವಾದವನ್ನು ನಾನು ಒಪ್ಪುತ್ತೇನೆ. ಬ್ಯಾಂಕಿನವನು ಒಪ್ಪದೆ ಇರೋದಕ್ಕಾಗುತ್ತದೆಯೇ? ಆದರೆ ಅಪಾಯ ಎಳೆದುಕೊಂಡವರು ಷೇರುದಾರರು ಮಾತ್ರವೇ? ತಮಿಳುನಾಡಿನ ಉತ್ತರ ಜಿಲ್ಲೆಗಳಿಂದ, ಚಿತ್ತೂರಿನ ಕಡೆಯಿಂದ ಬರ ತಾಳಲಾರದೆ ಬಂದವರು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತರು. ಬದುಕಿ ಬಂದವರಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿತು. ಅದಕ್ಕೆ ಸಿಲಿಕೋಸಿಸ್ ಅಂತ ಹೆಸರು, ಪೂರ್ತಿ ಗುಣ ಮಾಡುವ ಔಷಧಿ ಇವತ್ತಿಗೂ ಇಲ್ಲ. ಷೇರುದಾರ ಕಳೆದುಕೊಂಡಿದ್ದು ದುಡ್ಡು, ಇವರು ಕಳೆದುಕೊಂಡಿದ್ದು ಉಸಿರು.

ಲ್ಯಾವೆಲ್ ಹೆಸರಿನಲ್ಲಿ ಬೆಂಗಳೂರಿನಲ್ಲಿ ರಸ್ತೆ ಇದೆ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಮೇಲೆ ತಂದವರ ಪಾಲಿಗೆ ಬಂದಿದ್ದು, 2001ರ ಫೆಬ್ರವರಿ 28ರಂದು ಹಾಕಿದ ಬೀಗ. ಇವತ್ತು ಅವರ ಮಕ್ಕಳು ಮೊಮ್ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ.

ಇದನ್ನೆಲ್ಲ ಈಗ ಯಾಕೆ ಕೆದಕುತ್ತಿದ್ದೇನೆ ಅಂದರೆ, ಮತ್ತೆ ಚಿನ್ನದ ಮಾತು ಎದ್ದಿದೆ. ಅದಿರು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಊರಿನ ಸುತ್ತ ಗುಡ್ಡ ಗುಡ್ಡವಾಗಿ ಬಿದ್ದಿದೆ. ಗಾಳಿ ಬೀಸಿದರೆ ಅದರ ಧೂಳು ಮನೆಯೊಳಗೇ ಬರುತ್ತದೆ. ಅಂಥ 13 ದಿಬ್ಬಗಳಿಂದ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು.

ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ಕಂಪನಿ ಮುಳುಗಿದಾಗ ಮೊದಲು ಕೇಳುವ ಪ್ರಶ್ನೆ, ಆಸ್ತಿಯ ಮೇಲೆ ಮೊದಲ ಹಕ್ಕು ಯಾರದು ಅಂತ. 2016ರ ದಿವಾಳಿ ಸಂಹಿತೆಯೂ ಕಾರ್ಮಿಕರ 24 ತಿಂಗಳ ಬಾಕಿಗೆ, ಅಡಮಾನದ ಮೇಲೆ ಸಾಲ ಕೊಟ್ಟವರ ಜೊತೆಗೇ ಸಮಾನ ಸ್ಥಾನ ಕೊಟ್ಟಿದೆ. ಸಂಬಳಕ್ಕೆ ಆ ಮರ್ಯಾದೆ ಇದ್ದರೆ, ಮೂರು ತಲೆಮಾರು ಕುಡಿದ ಧೂಳಿಗೆ ಯಾಕಿಲ್ಲ? ಆ ದಿಬ್ಬಗಳಿಂದ ಬರುವ ಹಣದಲ್ಲಿ ಮೊದಲ ಪಾಲು ಆ ಊರಿನ ಆಸ್ಪತ್ರೆಗೆ, ಕುಡಿಯುವ ನೀರಿಗೆ, ಕಾರ್ಮಿಕರ ಮನೆಗಳಿಗೆ ಅಂತ ಗುತ್ತಿಗೆ ಪತ್ರದಲ್ಲೇ ಬರೆಯಬೇಕು. ಭಾಷಣದಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಸ್ವಾಮಿ, ಕಾಗದದ ಮೇಲೆ ಇದ್ದರಷ್ಟೇ ವಸೂಲಿ.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗಬೇಕು. ಅದೃಷ್ಟ ಅರಸಿ ಹೊರಟವರಲ್ಲಿ ದಡ ಸೇರಿದವರು ನಾವು. ಸೇರದವರ ಪರವಾಗಿ ಒಂದು ಮಾತಾದರೂ ಆಡೋಣ. ನೀವೇನಂತೀರಿ?